ಗೋಳಗುಮ್ಮಟದೊಳಗೊಂದು ರಿಲೀಸು

ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಏಳು ಸಲ ಕೇಳಬೇಕಾದರೆ ಟಿಕೀಟು ತಗೊಂಡು, ಏದುಸಿರು ಬಿಡುತ್ತ ಮೇಲಿನ ಗ್ಯಾಲರಿವರೆಗೆ ಮೆಟ್ಟಿಲು ಹತ್ತಬೇಕು. ಮುಕ್ತ ತಂತ್ರಾಂಶ ಬರೆಯುವವರಿಗೆ ಆ ತ್ರಾಸಿಲ್ಲ. ಕೋಡು ಇಡುವ ತಾಣ ಗಿಟ್‌ಹಬ್‌ನಲ್ಲಿ ಕೆಲಸಗಳನ್ನು ತಾನೇ ಓಡಿಸುವ ‘ಆಕ್ಷನ್ಸ್’ ಎಂಬ ಸೌಲಭ್ಯವಿದೆ. ಅದರ ಕಡತದಲ್ಲಿ ‘ರಿಲೀಸ್ (ಹೊಸ ಆವೃತ್ತಿಯ ಬಿಡುಗಡೆ) ಆದಾಗ ಓಡು’ ಎಂದಷ್ಟೇ ಬರೆದರೆ ಸಾಕು, ಕೂತಲ್ಲೇ ಸುದ್ದಿಯ ಪ್ರತಿಧ್ವನಿ.

ಇಂಡಿ ನಿಂಬೆಯ ದಿನದ ದರ ತೋರಿಸುವ ಪುಟ್ಟ ತಂತ್ರಾಂಶವೊಂದರ 1.2.0 ಆವೃತ್ತಿ ಹೊರಬಿತ್ತು ಅಂತಿಟ್ಟುಕೊಳ್ಳಿ. ಸುದ್ದಿ ಮಾಸ್ಟೊಡಾನ್, ಬ್ಲೂಸ್ಕೈ, ಎಕ್ಸ್, ಟೆಲಿಗ್ರಾಂ ಎಂಬ ನಾಲ್ಕೂ ಜಾಲತಾಣಗಳಿಗೆ ತಾನೇ ಹೋಗಬೇಕು. ರಿಲೀಸಿನ ಯಾವ ಘಟ್ಟದಲ್ಲಿ ಓಡಬೇಕೆಂದು ಹೇಳದಿದ್ದರೆ ಗಿಟ್‌ಹಬ್ ‘ಕ್ರಿಯೇಟೆಡ್’, ‘ಪಬ್ಲಿಶ್ಡ್’, ‘ರಿಲೀಸ್ಡ್’ ಎಂದು ಮೂರು ಸಲ ಗಂಟೆ ಬಾರಿಸುತ್ತದೆ. ಮೂರು ನಾಲ್ಕಲೆ ಹನ್ನೆರಡು ಪೋಸ್ಟು. ಆಮೇಲೆ ಕಾಗುಣಿತ ತಿದ್ದಿದಿರೋ, ‘ಎಡಿಟೆಡ್’ ಲೆಕ್ಕದಲ್ಲಿ ಇನ್ನೂ ನಾಲ್ಕು. “ಏನಪಾ, ನಿಂಬಿಹಣ್ಣು ಅಷ್ಟು ತುಟ್ಟಿ ಆಗ್ಯಾವೇನು?” ಎಂದು ಯಾರಾದರೂ ಕೇಳಿದರೆ ತಪ್ಪು ಅವರದಲ್ಲ. ‘ಪಬ್ಲಿಶ್ಡ್’ ಒಂದನ್ನೇ ಇಡಿ; ಪ್ರೀ-ರಿಲೀಸ್ (ಪರೀಕ್ಷೆಗೆಂದು ಮೊದಲೇ ಬಿಡುವ ಆವೃತ್ತಿ) ಸುದ್ದಿ ಬೇಡವೆಂದರೆ ‘ರಿಲೀಸ್ಡ್’. ಮಾಸ್ಟೊಡಾನ್‌ಗೆ ಕಳಿಸುವಾಗ ಐಡೆಂಪೊಟೆನ್ಸಿ-ಕೀ (ಇದು ಅದೇ ಪೋಸ್ಟು ಎಂದು ಗುರುತಿಸುವ ಕೀಲಿ) ಜಾಗದಲ್ಲಿ ಆವೃತ್ತಿ ಸಂಖ್ಯೆ ಹಾಕಿದರೆ, ನೆಟ್ ಕೈಕೊಟ್ಟು ಕೂಡಲೇ ಮತ್ತೆ ಕಳಿಸಿದರೂ ಪೋಸ್ಟು ಎರಡಾಗುವುದಿಲ್ಲ.

ಇದರ ಉಲ್ಟಾ ಫಜೀತಿಯೂ ಉಂಟು. ರಿಲೀಸನ್ನೂ ಆಕ್ಷನ್ಸೇ ತನ್ನ ಮಾಮೂಲಿ ಟೋಕನ್‌ನಿಂದ (ಅನುಮತಿಯ ಗುಪ್ತಚೀಟಿ) ಮಾಡಿದ್ದರೆ ಸುದ್ದಿ ಕಳಿಸುವ ಕೆಲಸ ಏಳುವುದೇ ಇಲ್ಲ. ಗುಮ್ಮಟ ಗಪ್‌ಚಿಪ್. ಆಗ ಬೇರೆ ಟೋಕನ್ ಕೊಡಿ, ಇಲ್ಲವೇ ಸುದ್ದಿ ಕಳಿಸುವ ಹೆಜ್ಜೆಯನ್ನೂ ಅದೇ ಕಡತಕ್ಕೆ ಸೇರಿಸಿ.

ಇನ್ನು ಅಕ್ಷರದ ಲೆಕ್ಕ. ಎಕ್ಸ್‌ನಲ್ಲಿ ದುಡ್ಡು ಕೊಡದ ಖಾತೆಗೆ 280, ಬ್ಲೂಸ್ಕೈಗೆ 300, ಮಾಸ್ಟೊಡಾನ್‌ಗೆ ಸಾಮಾನ್ಯವಾಗಿ 500, ಟೆಲಿಗ್ರಾಂಗೆ 4096. ಕೇಳಲು ಸರಳ, ಆದರೆ ‘ನಿಂಬೆ’ ಎಷ್ಟಕ್ಷರ? ಶಾಲೆಯ ಹುಡುಗ ಎರಡು ಎನ್ನುತ್ತಾನೆ, ಬ್ಲೂಸ್ಕೈ ಕೂಡ ಅವನ ಪಕ್ಷವೇ. ಎಕ್ಸ್ ಮಾತ್ರ ಇಕಾರ, ಸೊನ್ನೆ, ಎಕಾರಗಳನ್ನೂ ಬಿಡದೆ ಎಣಿಸಿ ಐದು ಎನ್ನುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟುಗಳಾಗಿ ಇಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಈ ಐದರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 15. ಈ ಹದಿನೈದೇ ಬ್ಲೂಸ್ಕೈಯಲ್ಲಿ ಕಾಲಿಗೆ ತೊಡರುವುದು: ಕೊಂಡಿ (ಲಿಂಕ್) ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅದಕ್ಕೆ ಬೈಟುಗಳಲ್ಲೇ ಹೇಳಬೇಕು. ಇಂಗ್ಲಿಷಿನಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿ, ಅಲ್ಲಿ ಒಂದಕ್ಷರಕ್ಕೆ ಒಂದೇ ಬೈಟು. ಕನ್ನಡ ಹಾಕಿದಿರೋ, ನೀಲಿ ಬಣ್ಣ ಹಿಂದೆ ಸರಿದು ಯಾವುದೋ ಪದದ ಬಾಲಕ್ಕೆ ಮೆತ್ತಿಕೊಳ್ಳುತ್ತದೆ. ಕೆಳಗಿನ ನಿಜವಾದ ವಿಳಾಸ ಒತ್ತಿದರೂ ಮಿಸುಕುವುದಿಲ್ಲ. ಕೊಂಡಿಗಿಂತ ಮೊದಲಿನ ಪಠ್ಯವನ್ನು ಯುಟಿಎಫ್-8ಗೆ ಬದಲಿಸಿ, ಅದರ ಉದ್ದವನ್ನು ಆರಂಭದ ಸ್ಥಾನವಾಗಿ ಕೊಡಿ.

ಟೆಲಿಗ್ರಾಂನದು ಬೇರೆಯೇ ಹಟ. ಪಠ್ಯವನ್ನು ಅಲಂಕರಿಸುವ ಮಾರ್ಕ್‌ಡೌನ್‌ವಿ2 ಬಗೆ ಬಳಸಿದರೆ 1.2.0ರ ಪ್ರತಿ ಚುಕ್ಕಿಗೂ ಮೊದಲು ಒಂದೊಂದು ಹಿಂಓರೆಗೆರೆ (\) ಬೇಕು; ಇಲ್ಲದಿದ್ದರೆ 400 ಎಂಬ ದೋಷಸಂಖ್ಯೆ ಎಸೆದು ಸುಮ್ಮನಾಗುತ್ತದೆ. ಹೈಫನ್, ಕಂಸ, ಆಶ್ಚರ್ಯಸೂಚಕಕ್ಕೂ ಇದೇ ಮಡಿ. ಎಚ್‌ಟಿಎಂಎಲ್ ಬಗೆಗೆ ಬದಲಿಸಿದರೆ ಮೂರೇ ಗುರುತಿನ ಪಥ್ಯ.

ಗಿಟ್‌ಹಬ್ ತಾನೇ ಬರೆದುಕೊಡುವ ಬದಲಾವಣೆ ಪಟ್ಟಿಯನ್ನು ಹಾಗೇ ಅಂಟಿಸಲೂಬೇಡಿ. ಅದರಲ್ಲಿ ಕೋಡು ಕೊಟ್ಟವರ ಹೆಸರಿನ ಹಿಂದೆ ‘@’ ಇರುತ್ತದೆ. ಎಕ್ಸ್‌ನಲ್ಲಿ ಅದೇ ಹೆಸರಿನ ಖಾತೆ ಎಲ್ಲೋ ಕುಸ್ತಿ ನೋಡುತ್ತ ಕೂತವರದ್ದಾಗಿರಬಹುದು. ನಿಂಬೆ ದರದ ದೋಷ ಸರಿಪಡಿಸಿದ್ದಕ್ಕೆ ಅವರಿಗೆ ಧನ್ಯವಾದ ಮುಟ್ಟುತ್ತದೆ.

ದಿನಾ ಬೆಳಗ್ಗೆ ಒಂಬತ್ತಕ್ಕೆ ಸುದ್ದಿ ಹೋಗಲೆಂದು ಕ್ರಾನ್‌ನಲ್ಲಿ (ಕೆಲಸದ ವೇಳೆ ಗೊತ್ತುಮಾಡುವ ಸಾಲು; ಮೊದಲು ನಿಮಿಷ, ಆಮೇಲೆ ಗಂಟೆ) ‘0 9’ ಬರೆಯುವವರೂ ಇದ್ದಾರೆ. ಬೇರೆ ಹೇಳದಿದ್ದರೆ ಆಕ್ಷನ್ಸ್ ಗಡಿಯಾರ ಯುಟಿಸಿ ಎಂಬ ಜಾಗತಿಕ ಮೂಲ ಸಮಯದ್ದು, ನಮ್ಮದು ಐದೂವರೆ ತಾಸು ಮುಂದೆ. ಬರೆಯಬೇಕಾದ್ದು ‘30 3’. ‘0 9’ ಹಾಗೇ ಬಿಟ್ಟರೆ ಸುದ್ದಿ ಹೊರಡುವುದು ಮಧ್ಯಾಹ್ನ ಎರಡೂವರೆಗೆ. ಮೇ ತಿಂಗಳ ವಿಜಯಪುರದಲ್ಲಿ ಆ ಹೊತ್ತಿಗೆ ಎಚ್ಚರ ಇರುವುದು ಫ್ಯಾನು ಮಾತ್ರ, ಅದೂ ಕರೆಂಟ್ ಇದ್ದರೆ.