ಪದ್ಮಿನಿಯ ಮುಹೂರ್ತ

ನಮ್ಮ ಮಾವ ಮಗಳನ್ನು ಧಾರೆಯೆರೆದು ಕೊಟ್ಟ ಹದಿನೆಂಟು ವರ್ಷಗಳ ಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡ ಮರುವಾರ, ತಮ್ಮ 1986ರ ಪ್ರೀಮಿಯರ್ ಪದ್ಮಿನಿಯನ್ನೂ ನನಗೆ ಒಪ್ಪಿಸಿಬಿಟ್ಟರು. ಮಗಳನ್ನು ಕೊಡುವಾಗ ಹೇಳದೆ ಉಳಿಸಿಕೊಂಡಿದ್ದ ಬುದ್ಧಿಮಾತನ್ನೆಲ್ಲ ಕಾರು ಕೊಡುವಾಗ ಹೇಳಿದರು. "ಬೆಳಿಗ್ಗೆ ಚೋಕ್ ಎಳೆಯಿರಿ, ಎಳೆದದ್ದನ್ನು ಮರೆಯಬೇಡಿ. ಪಾಯಿಂಟಿನ ಮೇಲೆ ಒಂದು ಕಣ್ಣಿರಲಿ."

ಪಾಯಿಂಟ್ ಎಂದರೆ ಡಿಸ್ಟ್ರಿಬ್ಯೂಟರಿನೊಳಗೆ, ಅಂದರೆ ಎಂಜಿನ್ನಿನ ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಬ್ಬಿಯೊಳಗೆ, ಒಂದನ್ನೊಂದು ಮುಟ್ಟಿ ಬಿಡುವ ಎರಡು ಪುಟ್ಟ ಲೋಹದ ತುದಿಗಳು. ಬಿಟ್ಟಾಗಲೆಲ್ಲ, ಬ್ಯಾಟರಿಯ ವಿದ್ಯುತ್ತಿನ ಒತ್ತಡ ಏರಿಸುವ ಕಾಯಿಲ್‌ನಿಂದ ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಮುಟ್ಟಿ ಮುಟ್ಟಿ ಅವು ಸವೆಯುತ್ತವೆ, ಕರಕಲಾಗುತ್ತವೆ. ಡಿಸ್ಟ್ರಿಬ್ಯೂಟರನ್ನು ಡೆಲ್ಕೋ ಎಂದೇ ಕರೆಯುವ ನಮ್ಮ ಮುಂಬೈ ಕುರ್ಲಾದ ಮಿಸ್ತ್ರಿ ಅವನ್ನು ಪಾಲಿಷ್ ಕಾಗದದಿಂದ ಉಜ್ಜಿ, ನಡುವಿನ ಸಂದನ್ನು ಯಾರದೋ ಲಗ್ನಪತ್ರಿಕೆಯ ಮೂಲೆ ತೂರಿಸಿ ಅಳೆಯುತ್ತಿದ್ದರು. ಇಪ್ಪತ್ತೊಂದನೆಯ ಶತಮಾನದಲ್ಲಿ ನನ್ನ ವಾಹನ ಅಪರಿಚಿತರ ಮದುವೆಯನ್ನು ನಂಬಿ ಓಡುವುದು ನನಗೆ ಸರಿಕಾಣಲಿಲ್ಲ. ಪಾಯಿಂಟೇ ಇಲ್ಲದ, ಅಯಸ್ಕಾಂತ ನೋಡಿ ಕಿಡಿ ಹೊತ್ತಿಸುವ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನು ತರಿಸಿಬಿಟ್ಟೆ. "ಜೋಡಿಸುವುದು ಸುಲಭ" ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಯಾರಿಗೆ ಎಂದು ಬರೆದಿರಲಿಲ್ಲ.

ಜೋಡಿಸುವುದಕ್ಕಿಂತ ಕಷ್ಟದ್ದು ಟೈಮಿಂಗ್. ಅದು ಏನೆಂದು ಹೆಂಡತಿ ಕೇಳಿದಾಗ ನಾನು ಕೊಟ್ಟ ಉದಾಹರಣೆಯ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. "ನೋಡು, ಮುಲುಂಡಿನಿಂದ ಸ್ಲೋ ಲೋಕಲ್ ಹತ್ತಿದವನು ದಾದರಿನಲ್ಲಿ ಇಳಿಯಬೇಕಾದರೆ ದಾದರ್ ಬಂದ ಮೇಲೆ ಏಳುತ್ತಾನೆಯೇ? ಮಾಟುಂಗಾದಲ್ಲೇ ಎದ್ದು ಬಾಗಿಲ ಕಡೆಗೆ ಸರಿಯುತ್ತಾನೆ. ಕಿಡಿಯೂ ಹಾಗೆಯೇ. ಸಿಲಿಂಡರಿನಲ್ಲಿ ಮೇಲೇರುವ ಪಿಸ್ಟನ್ ತುದಿ ಮುಟ್ಟುವ ಮೊದಲೇ ಹೊತ್ತಬೇಕು, ಏಕೆಂದರೆ ಪೆಟ್ರೋಲ್ ಪೂರ್ತಿ ಉರಿಯಲು ಸಮಯ ಬೇಕು. ಅದಕ್ಕೇ ಅಡ್ವಾನ್ಸ್ ಎನ್ನುವುದು. ಫಾಸ್ಟ್ ಲೋಕಲ್ ಆದರೆ ಕುರ್ಲಾ ಬಿಟ್ಟ ಕೂಡಲೇ ಏಳಬೇಕು. ಎಂಜಿನ್ ವೇಗ ಹೆಚ್ಚಿದಷ್ಟೂ ಕಿಡಿ ಇನ್ನೂ ಬೇಗ."

"ತೀರಾ ಬೇಗ ಎದ್ದರೆ?"

"ಒಳಗೆ ನೂಕಾಟ. ಎಂಜಿನ್ ಟಿಣ್ ಟಿಣ್ ಎಂದು ಬಡಿದುಕೊಳ್ಳುತ್ತದೆ."

"ತಡವಾದರೆ?"

"ಇಳಿಯುವುದಕ್ಕೇ ಆಗುವುದಿಲ್ಲ. ಕಾರಿಗೆ ಬಲವಿಲ್ಲ, ಮೈಯೆಲ್ಲ ಬಿಸಿ."

"ಅಂದರೆ ಮುಹೂರ್ತ" ಎಂದಳು ಅವಳು, ನಾನು ನಾಲ್ಕು ಸ್ಟೇಷನ್ ಸುತ್ತಿ ಹೇಳಿದ್ದನ್ನು ಒಂದೇ ಪದದಲ್ಲಿ ಮುಗಿಸಿ.

ಮುಹೂರ್ತದ ಸೂಕ್ಷ್ಮವೂ ಕಡಿಮೆಯದಲ್ಲ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಾ ಸುಮ್ಮನೆ ಗುರುಗುಡುತ್ತಿರುವಾಗ ಒಂದು ಸುತ್ತಿನ 360 ಡಿಗ್ರಿಯಲ್ಲಿ ಹತ್ತು ಡಿಗ್ರಿ ಅಡ್ವಾನ್ಸ್ ಎಂದರೆ ಒಂದು ಸೆಕೆಂಡಿನ ಸುಮಾರು ಐನೂರರಲ್ಲಿ ಒಂದು ಪಾಲು. ಹೆಂಡತಿ ಸೀರೆಯುಟ್ಟು ಬಾಗಿಲಲ್ಲಿ ನಿಂತ ಮೇಲೆ ಶೇವಿಂಗ್ ಶುರು ಮಾಡುವ ಮನುಷ್ಯ ನಾನು. ಆ ಪಾಲನ್ನು ಹಿಡಿಯಲು ಹೊರಟಿದ್ದೆ.

ಮೊದಲ ಭಾನುವಾರ ಹಳೆಯ ಕ್ರಮದಂತೆ ಬಲ್ಬ್ ಹಿಡಿದು ಕೂತೆ. ಪಾಯಿಂಟ್ ಇದ್ದ ಕಾಲದಲ್ಲಿ ಅದು ತೆರೆದ ಕ್ಷಣಕ್ಕೆ ಬಲ್ಬ್ ಹೊತ್ತಿಕೊಳ್ಳುತ್ತಿತ್ತು. ಅದೇ ಕಿಡಿಯ ಕ್ಷಣ. ಹೊಸ ಡಿಸ್ಟ್ರಿಬ್ಯೂಟರಿನಲ್ಲಿ ತೆರೆಯುವುದಕ್ಕೇ ಏನಿಲ್ಲ. ಕೀಲಿ ತಿರುಗಿಸಿಟ್ಟು ಕಾಲು ಗಂಟೆ ಕಾದೆ. ಬಲ್ಬ್ ಮೌನವ್ರತದಲ್ಲಿತ್ತು. "ಅಪ್ಪಾ, ಎಂಜಿನ್ ನಿಂತಿರುವಾಗ ಕೀಲಿ ಆನ್ ಇಡಬಾರದಂತೆ, ಕಾಯಿಲ್ ಸುಡುತ್ತದಂತೆ" ಎಂದು ಮಗಳು ಡಬ್ಬಿಯೊಳಗಿನ ಚೀಟಿಯನ್ನು ಓದಿದಳು. ಕಾಯಿಲ್ ಮುಟ್ಟಿ ನೋಡಿದೆ. ಇಡ್ಲಿ ಬೇಯಿಸಬಹುದಾಗಿತ್ತು.

ಅಷ್ಟರಲ್ಲಿ ಇನ್ನೊಂದು ಘನಕಾರ್ಯವೂ ನಡೆದಿತ್ತು. ಧೂಳು ಒರೆಸುವ ಉತ್ಸಾಹದಲ್ಲಿ ಪ್ಲಗ್ಗಿನ ನಾಲ್ಕೂ ವಯರುಗಳನ್ನು ಗುರುತು ಹಾಕದೆ ಕಿತ್ತಿದ್ದೆ. ಚಿಂತೆಯೇನು? ಎಂಜಿನ್ನಿನ ಜೊತೆ ತಿರುಗುವ ಪುಲ್ಲಿಯ ಗುರುತನ್ನು ಎಂಜಿನ್ ಮೇಲಿನ ಗುರುತಿಗೆ ಹೊಂದಿಸಿ, ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್ ಯಾವ ಕಡೆಗೆ ಮುಖ ಮಾಡಿದೆಯೋ ಅದೇ ಒಂದನೇ ನಂಬರ್ ಸಿಲಿಂಡರಿನದು ಎಂದುಕೊಂಡು, ಕಿಡಿಯ ಸರದಿಯಾದ 1-3-4-2 ಕ್ರಮದಲ್ಲಿ ಸಿಕ್ಕಿಸಿದೆ. ಕೀಲಿ ತಿರುಗಿಸಿದ್ದೇ ತಡ, ಕಾರ್ಬ್ಯುರೇಟರಿನ ಬಾಯಿಂದ ಢಮ್ ಎಂದಿತು! ಸೊಸೈಟಿಯ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಮೂರನೇ ಮಹಡಿಯ ಕಾಕಾ ಬಾಲ್ಕನಿಗೆ ಬಂದು, ಗಣಪತಿಗೆ ಇನ್ನೂ ಎರಡು ತಿಂಗಳಿದೆಯಲ್ಲ ಎಂದು ಮರಾಠಿಯಲ್ಲಿ ನೆನಪಿಸಿದರು.

ತಪ್ಪು ಎಲ್ಲಿ ಎಂಬುದು ರಾತ್ರಿ ಮಲಗಿದ ಮೇಲೆ ಹೊಳೆಯಿತು. ಎಂಜಿನ್ ಎರಡು ಸುತ್ತು ತಿರುಗಿದರೆ ಡಿಸ್ಟ್ರಿಬ್ಯೂಟರ್ ತಿರುಗುವುದು ಒಂದೇ ಸುತ್ತು. ಆದ್ದರಿಂದ ಪುಲ್ಲಿಯ ಗುರುತು ಹೊಂದುವುದು ಎರಡು ಸಲ: ಒಮ್ಮೆ ಒಂದನೇ ನಂಬರಿನ ಸರದಿಗೆ, ಇನ್ನೊಮ್ಮೆ ನಾಲ್ಕರದಕ್ಕೆ. ನಾನು ನಾಲ್ಕನೆಯ ವರನ ಲಗ್ನಕ್ಕೆ ಒಂದನೆಯವನನ್ನು ಕರೆತಂದು ಹಸೆಯ ಮೇಲೆ ಕೂರಿಸಿದ್ದೆ.

ಎರಡನೆಯ ಭಾನುವಾರ ನಾಲ್ಕೂ ಪ್ಲಗ್ ಬಿಚ್ಚಿ, ಒಂದನೆಯದರ ತೂತಿಗೆ ಒದ್ದೆ ಕಾಗದದ ಉಂಡೆ ತುರುಕಿ, ಟಾಪ್ ಗೇರಿನಲ್ಲಿಟ್ಟು, ಕಾವಲುಗಾರನಿಂದ ಕಾರನ್ನು ಮೆಲ್ಲಗೆ ತಳ್ಳಿಸಿದೆ. ಗಾಳಿ ಒತ್ತಿ ಉಂಡೆ ಹಾರಿದರೆ ಅದೇ ನಿಜವಾದ ಸರದಿ. ಉಂಡೆ ಹಾರಿತು, ಸಲಹೆ ಕೊಡಲೆಂದೇ ಇಳಿದು ಬಂದು ಬಗ್ಗಿ ನೋಡುತ್ತಿದ್ದ ಕಾಕಾ ಅವರ ಕನ್ನಡಕಕ್ಕೆ ತಗುಲಿತು. ಆದರೆ ವಯರು ಬದಲಿಸಿದ ಮೇಲೆ ಕಾರು ಒಂದೇ ಏಟಿಗೆ ಎದ್ದಿತು.

ಸಂಜೆ ಟೈಮಿಂಗ್ ಲೈಟ್. ಒಂದನೇ ವಯರಿಗೆ ಸಿಕ್ಕಿಸಿದರೆ, ಕಿಡಿ ಬಿದ್ದಾಗಲೆಲ್ಲ ಮಿಂಚುವ ಪಿಸ್ತೂಲಿನಾಕಾರದ ದೀಪ ಅದು. ಟ್ಯೂಬ್‌ಲೈಟಿನ ಕೆಳಗೆ ತಿರುಗುವ ಫ್ಯಾನು ಕೆಲವೊಮ್ಮೆ ನಿಂತಂತೆ ಕಾಣುತ್ತದಲ್ಲ, ಹಾಗೆ ತಿರುಗುವ ಪುಲ್ಲಿ ಅದರ ಬೆಳಕಿನಲ್ಲಿ ನಿಂತಂತೆ ಕಾಣುತ್ತದೆ. ನನಗೆ ಪುಲ್ಲಿ ಕಂಡಿತು, ಗುರುತು ಕಾಣಲಿಲ್ಲ. ನಾಲ್ಕು ದಶಕಗಳ ಜಿಡ್ಡು. ಅಮ್ಮನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತಂದು ಗೆರೆಗೆ ತೀಡಿದೆ. ಅಬ್ಬಾ, ಆ ಬಿಳಿ ಗೆರೆ ಕತ್ತಲಲ್ಲಿ ಗಾಳಿಯಲ್ಲಿ ತೇಲುತ್ತಾ ನಿಂತಿತು! ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಅತ್ತ ತಿರುಗಿಸಿದರೆ ಗೆರೆ ಅತ್ತ, ಇತ್ತ ತಿರುಗಿಸಿದರೆ ಇತ್ತ. ಮನೆಯಲ್ಲಿ ಇಷ್ಟು ವಿಧೇಯವಾದದ್ದನ್ನು ನಾನು ಕಂಡಿರಲಿಲ್ಲ. ಗೆರೆ ಸರಿಯಾದ ಜಾಗಕ್ಕೆ ಬಂತು. ಡಿಸ್ಟ್ರಿಬ್ಯೂಟರನ್ನು ಅಲುಗದಂತೆ ಹಿಡಿಯುವ ಕ್ಲ್ಯಾಂಪ್ ಬಿಗಿಯಬೇಕು. ಕೈಚಾಚಿದರೆ ಹದಿಮೂರರ ಸ್ಪ್ಯಾನರ್ ಇಲ್ಲ.

ಕಾಕಾ ಹೋದ ತಿಂಗಳು ನಲ್ಲಿ ರಿಪೇರಿಗೆ ಅದನ್ನು ಒಯ್ದಿದ್ದರು. ಹಿಂದಿರುಗಿಸಿದ ನೆನಪು ನನಗಿಲ್ಲ. ಹೋಗಿ ಕೇಳಿದೆ. ಕೊಟ್ಟಾಗಿದೆ ಎಂದರು. ಅವರ ಮುಖ ಸಣ್ಣದಾಯಿತು. ನಾನು ಬೋಲ್ಟನ್ನು ಬೆರಳಿನಿಂದಲೇ ಬಿಗಿದು, ನಾಳೆ ನೋಡಿದರಾಯಿತು ಎಂದುಕೊಂಡೆ.

ನಾಳೆ ಬರಲಿಲ್ಲ, ಶನಿವಾರ ಬಂತು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ. ಅಮ್ಮ, ಹೆಂಡತಿ, ಮಗಳು, ಎಲ್ಲರೂ ಪದ್ಮಿನಿಯಲ್ಲಿ. ಭಾಂಡುಪಿನವರೆಗೆ ಗಂಧರ್ವ ವಿಮಾನ. ವಿಕ್ರೋಲಿಯ ಗುಂಡಿಗಳಲ್ಲಿ ಏದುಸಿರು. ಘಾಟ್ಕೋಪರಿನಲ್ಲಿ ಬಿಸಿ. ಕುರ್ಲಾದಲ್ಲಿ ನಿಂತೇಬಿಟ್ಟಿತು. ಪದ್ಮಿನಿಗಳು ತಯಾರಾಗುತ್ತಿದ್ದದ್ದು ಕುರ್ಲಾದ ಕಾರ್ಖಾನೆಯಲ್ಲೇ. ತವರಿನ ಓಣಿ ಕಂಡ ಮೇಲೆ ಹೆಜ್ಜೆ ಮುಂದಿಡಲಾರೆ ಎಂದು ಹಟ ಹಿಡಿದಂತಿತ್ತು. "ನಾವು ಇಳಿಯುವ ಸ್ಟೇಷನ್ ಇದಲ್ಲವಲ್ಲ" ಎಂದಳು ಹೆಂಡತಿ.

ಮತ್ತೆ ಟೈಮಿಂಗ್, ಮತ್ತೆ ಸುಣ್ಣ, ಮತ್ತೆ ಕುರ್ಲಾ. ಹೀಗೆ ಮೂರು ವಾರ. ಕೊನೆಗೆ ಡಿಸ್ಟ್ರಿಬ್ಯೂಟರ್ ಮಾರಿದವರಿಗೆ ಒಂದು ಖಾರದ ಪತ್ರ ಬರೆದೆ. "ಕ್ಲ್ಯಾಂಪ್ ಬಿಗಿದಿದ್ದೀರಾ?" ಎಂದಷ್ಟೇ ಉತ್ತರ ಬಂತು. ಇದನ್ನು ನಾನು ವೈಯಕ್ತಿಕ ಅವಮಾನವೆಂದು ಪರಿಗಣಿಸಿ ಸಂಪರ್ಕ ಕಡಿದುಕೊಂಡೆ.

ಮಿಸ್ತ್ರಿ ಬಂದು ಬಾನೆಟ್ ಎತ್ತಿದರು. ಟೈಮಿಂಗ್ ಲೈಟನ್ನು ಕಡೆಗಣ್ಣಿನಿಂದಲೂ ನೋಡಲಿಲ್ಲ. ಎರಡು ಬೆರಳಿನಿಂದ ಡಿಸ್ಟ್ರಿಬ್ಯೂಟರನ್ನು ಹಿಡಿದರು. ಅದು ರೇಡಿಯೋದ ಬಿರಡೆಯಂತೆ ಸಲೀಸಾಗಿ ತಿರುಗಿತು. ಒಳಗಿನ ರೋಟರ್ ತಿರುಗುವ ದಿಕ್ಕಿಗೇ ಹೊರಗಿನ ಡಬ್ಬಿಯೂ ಗುಂಡಿಯಿಂದ ಗುಂಡಿಗೆ ಜಾರಿ, ಕಿಡಿ ಪ್ರತಿ ಮೈಲಿಗೂ ತಡವಾಗುತ್ತಿತ್ತು. ಅವರು ನನ್ನ ಮುಖ ನೋಡಿದರು. ನಾನು ಪಾರಿವಾಳಗಳನ್ನು ನೋಡಿದೆ.

"ಹದಿಮೂರರ ಸ್ಪ್ಯಾನರ್ ಕೊಡಿ" ಎಂದರು.

ಹಿಂದಿನ ಸಂಜೆಯಷ್ಟೇ ಕಾಕಾ ನನ್ನ ಅನುಮಾನವನ್ನು ಸಹಿಸಲಾರದೆ ಹೊಸದೊಂದು ಸ್ಪ್ಯಾನರ್ ಕೊಂಡು ತಂದು, ಮಾತಿಲ್ಲದೆ ನಮ್ಮ ಬಾಗಿಲಲ್ಲಿಟ್ಟು ಹೋಗಿದ್ದರು. ಅದನ್ನು ತರಲು ಹೊರಟವನನ್ನು ಮಿಸ್ತ್ರಿ ತಡೆದರು. ಬ್ಯಾಟರಿಯ ಹಿಂದೆ ಕೈಹಾಕಿ, ಜಿಡ್ಡು ಮೆತ್ತಿದ ನನ್ನ ಹಳೆಯ ಸ್ಪ್ಯಾನರನ್ನೇ ಎತ್ತಿದರು. ಮೂರು ಸಲ ಕುರ್ಲಾಕ್ಕೆ ಹೋಗಿ ಬಂದರೂ ಅದೊಂದು ಮಾತ್ರ ಇಟ್ಟ ಜಾಗದಿಂದ ಕದಲಿರಲಿಲ್ಲ.

ಕಾರು ಈಗ ಚೆನ್ನಾಗಿ ಓಡುತ್ತಿದೆ. ಹೊಸ ಸ್ಪ್ಯಾನರ್ ಇನ್ನೂ ನಮ್ಮ ಮನೆಯಲ್ಲೇ ಇದೆ. ಕಾಕಾ ಲಿಫ್ಟಿಗೆ ಕಾಯುತ್ತಿರುವುದು ಕಂಡರೆ ನಾನು ಮೆಟ್ಟಿಲು ಹಿಡಿಯುತ್ತೇನೆ.