ಜಠರವಿಲ್ಲದೆ ಊಟ ಕಲಿಯುವುದು

"ಈಗ ಪೂರ್ತಿ ಹುಷಾರಾದ್ರಿ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಕೀಮೋ ಮುಗಿದಿದೆ, ಸ್ಕ್ಯಾನ್‌ನಲ್ಲಿ ಏನೂ ಕಾಣುತ್ತಿಲ್ಲ, ಅವರ ಲೆಕ್ಕದಲ್ಲಿ ಹೊಟ್ಟೆ ಕ್ಯಾನ್ಸರ್ ಕಥೆ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಕಷ್ಟದ ಪಾಲು ಶುರುವಾದದ್ದೇ ಆಮೇಲೆ.

ನನ್ನ ಜಠರವನ್ನು ಪೂರ್ತಿ ತೆಗೆದು, ಅನ್ನನಾಳವನ್ನು ಸೀದಾ ಸಣ್ಣ ಕರುಳಿಗೆ ಜೋಡಿಸಿದ್ದಾರೆ. ಹಾಗೆ ಬದುಕಬಹುದಾ ಅಂತ ಬಹಳ ಜನಕ್ಕೆ ಆಶ್ಚರ್ಯ. ಬದುಕಬಹುದು. 1897ರಲ್ಲೇ ಜ್ಯೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್ ಎಂಬ ಸರ್ಜನ್ ಇಡೀ ಜಠರ ತೆಗೆದು ರೋಗಿಯನ್ನು ಉಳಿಸಿದ್ದರು. ಕತ್ತರಿಸಿ ಹೊಲಿಯುವ ವಿದ್ಯೆ ಅಷ್ಟು ಹಳೆಯದು. ಮನೆಗೆ ಹೋದ ಮೇಲೆ ಹೇಗೆ ಉಣ್ಣಬೇಕು ಅನ್ನುವುದನ್ನು ಮಾತ್ರ ನನಗೆ ಡಿಸ್ಚಾರ್ಜ್ ದಿನ ಎರಡು ಮಾತಿನಲ್ಲಿ ಹೇಳಿ ಕಳಿಸಿದರು. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಮೊದಲನೆಯದಾಗಿ, ಹಸಿವೇ ಆಗುವುದಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಬಹುಪಾಲು ತಯಾರಾಗುವುದು ಜಠರದಲ್ಲೇ. ಅದು ಹೋದ ಮೇಲೆ ಗಡಿಯಾರ ನೋಡಿ ತಿನ್ನಬೇಕು, ದಿನಕ್ಕೆ ಆರೇಳು ಸಲ, ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

ಎರಡನೆಯದು ಡಂಪಿಂಗ್. ತಿಂದದ್ದನ್ನು ತಡೆದು ಹಿಡಿದು ನಿಧಾನವಾಗಿ ಬಿಡುತ್ತಿದ್ದ ಚೀಲ ಇಲ್ಲವಲ್ಲ, ಆಹಾರ ಒಮ್ಮೆಲೇ ಕರುಳಿಗೆ ಇಳಿಯುತ್ತದೆ. ತಿಂದ ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಹೊಟ್ಟೆ ನುಲಿಯುತ್ತದೆ, ಭೇದಿ ಆಗುತ್ತದೆ, ಮಲಗಿಬಿಟ್ಟರೆ ಸಾಕು ಅನ್ನಿಸುತ್ತದೆ. ಇನ್ನೊಂದು ಥರದ್ದು ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ. ಸಕ್ಕರೆ ರಕ್ತಕ್ಕೆ ಬೇಗ ಏರಿದ್ದಕ್ಕೆ ದೇಹ ಇನ್ಸುಲಿನ್ ಜಾಸ್ತಿ ಸುರಿಸಿ, ಶುಗರ್ ಕುಸಿದು ಕೈಕಾಲು ನಡುಗುತ್ತದೆ. ಮೊದಲ ಸಲ ಆದಾಗ ಕ್ಯಾನ್ಸರ್ ತಿರುಗಿ ಬಂತು ಅಂದುಕೊಂಡು ಮನೆಯವರೆಲ್ಲ ಅತ್ತರು. ಸಿಹಿ ಕಡಿಮೆ ಮಾಡಿ, ಪ್ರೋಟೀನ್ ಜಾಸ್ತಿ ಮಾಡಿ, ತುತ್ತು ಸಣ್ಣದು ಮಾಡಿದ ಮೇಲೆ ಬಹಳ ಮಟ್ಟಿಗೆ ಹಿಡಿತಕ್ಕೆ ಬಂತು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಭಯ ಪಡಬೇಕಿರಲಿಲ್ಲ.

ಅದಕ್ಕೇ ದಯವಿಟ್ಟು, ನಮ್ಮಂಥವರಿಗೆ "ಎಷ್ಟು ಸೊರಗಿದೀರಿ, ಚೆನ್ನಾಗಿ ತಿನ್ನಿ" ಅನ್ನಬೇಡಿ, ಇನ್ನೊಂದು ತುತ್ತು ಅಂತ ಒತ್ತಾಯ ಮಾಡಬೇಡಿ. ಆ ಒಂದು ತುತ್ತು ಇಡೀ ಮಧ್ಯಾಹ್ನವನ್ನು ಹಾಳು ಮಾಡುತ್ತದೆ. ಈ ಆಪರೇಷನ್ ಆದವರು ತೂಕ ಇಳಿಯುವುದು ಸಾಮಾನ್ಯ.

"ಏನು ತಿಂದಿದ್ದಕ್ಕೆ ಬಂತು?" ಅಂತಲೂ ಕೇಳುತ್ತಾರೆ. ಈ ಪ್ರಶ್ನೆ ಮನಸ್ಸಿಗೆ ನಾಟುತ್ತದೆ. ಹೊಟ್ಟೆ ಕ್ಯಾನ್ಸರ್‌ಗೆ ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವಂಥದ್ದು ಎಂದು ಪಟ್ಟಿಗೆ ಸೇರಿಸಿದೆ. ಇದು ಹೆಚ್ಚಾಗಿ ಚಿಕ್ಕಂದಿನಲ್ಲೇ ಹತ್ತಿಕೊಳ್ಳುತ್ತದೆ. ಇದ್ದವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಆಗುವುದೂ ಇಲ್ಲ. ಇದರಲ್ಲಿ ಯಾರ ತಪ್ಪು ಹುಡುಕುತ್ತೀರಿ? ಅದರ ಬದಲು ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಡಾಕ್ಟರ ಹತ್ತಿರ ಮಾತಾಡಿ ಇದರ ಪರೀಕ್ಷೆ ಮಾಡಿಸಿಕೊಳ್ಳಲಿ. ಇದ್ದರೆ ಸಾಮಾನ್ಯವಾಗಿ ಎರಡು ವಾರದ ಮಾತ್ರೆಗಳಿವೆ. ಹಾಗೆಯೇ ವಾರಗಟ್ಟಲೆ ಬಿಡದ ಎದೆಯುರಿ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗಾಗುವುದು, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಇವಕ್ಕೆ ಸುಮ್ನೆ ಆಸಿಡಿಟಿ ಮಾತ್ರೆ ನುಂಗುತ್ತಾ ಕೂರಬೇಡಿ. ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆ, ಬೇಕಾ ಅಂತ ಡಾಕ್ಟರನ್ನು ಕೇಳಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಅಂತ ಹೇಳಿದ್ದರೆ, ಆಹಾರ ತಜ್ಞರನ್ನು ಆಪರೇಷನ್‌ಗೆ ಮುಂಚೆಯೇ ಕಾಣಿ. ವಿಟಮಿನ್ ಬಿ12 ಬಗ್ಗೆ ಮರೆಯದೆ ಕೇಳಿ. ಅದನ್ನು ದೇಹ ಹೀರಿಕೊಳ್ಳಲು ಬೇಕಾದ ಅಂಶ ಜಠರದಲ್ಲೇ ತಯಾರಾಗುವುದರಿಂದ ಜೀವನಪೂರ್ತಿ ಬೇಕು, ಹೆಚ್ಚಿನವರಿಗೆ ಇಂಜೆಕ್ಷನ್ ರೂಪದಲ್ಲಿ. ಲಿವರ್‌ನಲ್ಲಿ ಹಳೆಯ ದಾಸ್ತಾನು ಇರುವ ಕಾರಣ ಕೊರತೆ ಗೊತ್ತಾಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಪಾದ ಜೋಮು ಹಿಡಿಯಲು ಶುರುವಾಗಿರುತ್ತದೆ. ಕಬ್ಬಿಣಾಂಶ, ಕ್ಯಾಲ್ಸಿಯಂ ಯಾವಾಗ ಪರೀಕ್ಷಿಸಬೇಕು, ಡಂಪಿಂಗ್ ಆದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲವನ್ನೂ ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.