ಮುಹೂರ್ತಕ್ಕೆ ಮೊದಲು ಶಿಲ್ಪಿಯನ್ನು ಕರೆಯಿರಿ

ಅಮೆರಿಕದ ವಾಷಿಂಗ್ಟನ್ನಿನ ನ್ಯಾಷನಲ್ ಕೆಥೀಡ್ರಲ್ ಎಪಿಸ್ಕೋಪಲ್ ಎಂಬ ಕ್ರೈಸ್ತ ಸಭೆಯದು. ನಮ್ಮ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚ್ ಇರುವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೂ ಇದೂ ಒಂದೇ ಆಂಗ್ಲಿಕನ್ ಬಳಗ. 1907ರ ಸೆಪ್ಟೆಂಬರ್ 29ರಂದು ಅಡಿಗಲ್ಲು, 1990ರ ಅದೇ ದಿನ ಕೊನೆಯ ಕಲ್ಲು. ಸರ್ಕಾರದ ದುಡ್ಡಿಲ್ಲದೆ, ದೇಣಿಗೆ ಬಂದಷ್ಟು ಕಟ್ಟುತ್ತ 83 ವರ್ಷ ಹಿಡಿಯಿತು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಕಣ್ಣಿಟ್ಟು ನೋಡಬೇಕಾದದ್ದು ಇದರ ರಿಪೇರಿಯನ್ನು. 2011ರ ಆಗಸ್ಟ್ 23ರಂದು ವರ್ಜೀನಿಯಾದಲ್ಲಿ 5.8 ತೀವ್ರತೆಯ ಭೂಕಂಪವಾಯಿತು. ಗೋಡೆಗಳು ತಡೆದುಕೊಂಡವು, ಪೆಟ್ಟು ಬಿದ್ದದ್ದು ತುದಿಗೆ. ಎತ್ತರ ಹೆಚ್ಚಿದಷ್ಟೂ ತೂಗಾಟ ಹೆಚ್ಚು. ಶಿಖರಗಳೋ, ಇಂಡಿಯಾನಾ ಸುಣ್ಣಕಲ್ಲನ್ನು ಒಂದರ ಮೇಲೊಂದು ಪೇರಿಸಿದಂಥವು. ಕಲ್ಲುಗಳು ಕೂತಲ್ಲೇ ತಿರುಚಿಕೊಂಡವು. ನಡುಗೋಪುರದ ನಾಲ್ಕು ಮೂಲೆಶಿಖರಗಳಲ್ಲಿ ಮೂರರ ತುದಿ ಮುರಿಯಿತು, ಪೂರ್ವದ ಕಡೆ ಗೋಡೆಗೆ ಹೊರಗಿನಿಂದ ಆನಿಕೆ ಕೊಡುವ ಕಮಾನುಗಳು ಬಿರುಕು ಬಿಟ್ಟವು. ಭೂಕಂಪದ ವಿಮೆಯೂ ಇರಲಿಲ್ಲ.

ಸಡಿಲವಾದ ಕಲ್ಲುಗಳನ್ನು ಇಳಿಸಿ, ನಂಬರು ಹಾಕಿ, ಅಂಗಳದಲ್ಲಿ ಇಟ್ಟರು. ಕಲ್ಲು ಮುಕ್ಕಾಗಿದ್ದರೆ ಹಾಳಾದಷ್ಟನ್ನೇ ಕೊರೆದು ತೆಗೆದು, ಅದೇ ಜಾತಿಯ ಕಲ್ಲಿನ ತುಂಡು ಕೂರಿಸಿ, ಸುತ್ತಲಿನ ಕೆತ್ತನೆಗೆ ಹೊಂದುವಂತೆ ಉಳಿಯಿಂದ ಬಿಡಿಸಿದರು. ಉಳಿಸಲಾಗದ ಕಡೆ ಮಾತ್ರ ಹೊಸ ಕಲ್ಲು. ಮತ್ತೆ ಜೋಡಿಸುವಾಗ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಯಿಸಿದರು. ಮಾಮೂಲಿ ಕಬ್ಬಿಣವಾದರೆ ತುಕ್ಕು ಹಿಡಿದು, ಉಬ್ಬಿ, ಕಲ್ಲನ್ನೇ ಸೀಳುತ್ತದೆ. ದುಡ್ಡು ಕೂಡಿದಂತೆ ಹಂತಹಂತವಾಗಿ ಮಾಡಿದ್ದರಿಂದ ಹತ್ತು ವರ್ಷ ಕಳೆದರೂ ಕೆಲಸ ಮುಗಿದಿರಲಿಲ್ಲ. ಸಾರುವೆ ಕಟ್ಟಿದ್ದು ಕಂಡರೆ ಅಲ್ಲಿ ಯಾರಿಗೂ ನಾಚಿಕೆಯಿಲ್ಲ.

ನಮ್ಮಲ್ಲಿ ಭಕ್ತಿಗೆ ಕೊರತೆಯಿಲ್ಲ, ಕಾಣಿಕೆಗೂ ಇಲ್ಲ. ಆದರೆ ಎಷ್ಟೋ ಊರುಗಳ ಜೀರ್ಣೋದ್ಧಾರದಲ್ಲಿ ಮುಹೂರ್ತ ಮೊದಲು ಗೊತ್ತಾಗುತ್ತದೆ, ಕೆಲಸ ಅದರ ಹಿಂದೆ ಓಡುತ್ತದೆ. ಸೋರುವ ಮಾಳಿಗೆಗೆ ಸಿಮೆಂಟು, ಕಂಬಕ್ಕೆ ಆಯಿಲ್ ಪೇಂಟು, ಕೊಳೆ ತೆಗೆಯಲು ಸ್ಯಾಂಡ್‌ಬ್ಲಾಸ್ಟಿಂಗ್. ಪೇಂಟಿನಡಿ ಸಿಕ್ಕಿಕೊಂಡ ತೇವ ಆರಲು ದಾರಿಯಿರದು. ನೀರಿನೊಡನೆ ಬಂದ ಉಪ್ಪು ಒಳಗೇ ಹರಳುಗಟ್ಟಿ, ಕಲ್ಲಿನ ಮೈ ಹೊಪ್ಪಳೆಯಾಗಿ ಏಳುತ್ತದೆ. ಸ್ಯಾಂಡ್‌ಬ್ಲಾಸ್ಟಿಂಗ್ ಇನ್ನೂ ಕೆಟ್ಟದ್ದು. ಉಗುರಿನಿಂದ ಗೀರಿದರೂ ಗೆರೆ ಮೂಡುವಷ್ಟು ಮೆದುವಾದ ಬಳಪದ ಕಲ್ಲಿನ ಮೇಲೆ ಮರಳು ಚಿಮ್ಮಿಸಿದರೆ ಉಳಿಯ ಗುರುತೇ ಅಳಿದುಹೋಗುತ್ತದೆ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮ, ದಾಸೋಜರಂಥ ಶಿಲ್ಪಿಗಳು ವಿಗ್ರಹದಡಿ ತಮ್ಮ ಹೆಸರು ಕೊರೆದದ್ದು ಇಂಥದೇ ಕಲ್ಲಿನಲ್ಲಿ. ಅಳಿಸಿದ ಅಕ್ಷರ ಮತ್ತೆ ಬರುವುದಿಲ್ಲ.

ಶಿವಾರಪಟ್ಟಣದಲ್ಲಿ, ಕಾರ್ಕಳದಲ್ಲಿ ಕಲ್ಲು ಬಲ್ಲ ಕೈಗಳು ಇವತ್ತಿಗೂ ಇವೆ. ದೇವಸ್ಥಾನ ಸಮಿತಿಯವರು ಪೇಂಟರಿಗೆ ಅಡ್ವಾನ್ಸ್ ಕೊಡುವ ಮೊದಲು ಅವರಲ್ಲೊಬ್ಬರನ್ನು ಕರೆಸಲಿ. ಮಳೆಗಾಲದಲ್ಲಿ ಕರೆಸಿದರೆ ಇನ್ನೂ ಒಳ್ಳೆಯದು, ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದು ಆಗಲೇ ಕಣ್ಣಿಗೆ ಬೀಳುತ್ತದೆ.